ದಿನ ತುಂಬದ ಕಂದ, ದಿಕ್ಕು ತೋಚದ ಅಪ್ಪ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಪ್ರಶ್ನೆ: ಹೆಂಡತಿಗೆ ಬಿ.ಪಿ. ಏರಿ 30ನೇ ವಾರಕ್ಕೇ ಸಿಸೇರಿಯನ್ ಆಯಿತು. ಮಗನ ತೂಕ 1,250 ಗ್ರಾಂ, ಇಂದಿಗೆ ಹತ್ತು ದಿನ. ಬಿಲ್ಲು, ಔಷಧಿ ಎಂದು ಓಡಾಡುವಾಗ ಗಟ್ಟಿಯಾಗಿಯೇ ಇರುತ್ತೇನೆ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ, ಮಾನಿಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗುವಿನ ಮೇಲೆ ಅಕ್ಕರೆಯೂ ಉಕ್ಕುತ್ತಿಲ್ಲ. ನನ್ನಲ್ಲೇ ಏನಾದರೂ ಕೊರತೆಯೇ?
– ಓದುಗ, ರಾಜಾಜಿನಗರ

ಉತ್ತರ: ಕೊರತೆ ಇರುವುದು ಆಸ್ಪತ್ರೆಗಳಲ್ಲಿ ಅಪ್ಪಂದಿರಿಗೆ ಹಂಚುವ ಕೆಲಸದಲ್ಲಿ. ಸಹಿ ಹಾಕಿ, ದುಡ್ಡು ಕಟ್ಟಿ, ಕೆಳಗಿನ ಫಾರ್ಮಸಿಯಿಂದ ಇದನ್ನು ತನ್ನಿ ಎನ್ನುತ್ತಾರೆ. ಓಡಾಟವೆಲ್ಲ ನಿಮ್ಮದು, ಮಗು ಮಾತ್ರ ಬೇರೆಯವರ ಕೈಯಲ್ಲಿ. ಮುಟ್ಟಿಯೂ ನೋಡದ ಮಗುವಿನ ಮೇಲೆ ಅಕ್ಕರೆ ತಾನಾಗಿ ಉಕ್ಕಬೇಕೆಂದರೆ ಹೇಗೆ? ದಿನಕ್ಕೊಂದಾದರೂ ಮಗುವನ್ನು ಮುಟ್ಟಿ ಮಾಡುವ ಕೆಲಸವನ್ನು ಕೇಳಿ ಪಡೆಯಿರಿ.

ಮೊದಲು ಮಾನಿಟರ್ ವಿಷಯ. ಮಗು ಕಾಲು ಝಾಡಿಸಿದರೆ, ಆಮ್ಲಜನಕ ಅಳೆಯಲು ಪಾದಕ್ಕೆ ಸುತ್ತಿದ ಪ್ರೋಬ್ ಸಡಿಲವಾದರೆ ಸಾಕು, ಅಂಕಿ ಕುಸಿದು ಅಲಾರಂ ಕೂಗುತ್ತದೆ. ಅನುಭವಿ ನರ್ಸ್‌ಗಳನ್ನು ಗಮನಿಸಿ: ಅವರು ಮೊದಲು ನೋಡುವುದು ಮಗುವಿನ ಬಣ್ಣ, ಎದೆಯ ಏರಿಳಿತ, ಪರದೆ ಆಮೇಲೆ. ಆಮ್ಲಜನಕ ಪಡೆಯುತ್ತಿರುವ ಇಂಥ ಮಕ್ಕಳಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಸಾಮಾನ್ಯವಾಗಿ 90ರಿಂದ 95ರ ನಡುವೆ ಇರಲೆಂದು ನೋಡಿಕೊಳ್ಳುತ್ತಾರೆ. 100 ಆಗಲೆಂದು ಹಂಬಲಿಸಬೇಡಿ. ಆಮ್ಲಜನಕ ಅತಿಯಾದರೆ ಕಣ್ಣಿನ ರೆಟಿನಾಕ್ಕೆ (ಅಕ್ಷಿಪಟಲ) ಕೆಡುಕು. ಇಂಥ ಮಕ್ಕಳಲ್ಲಿ ನಡುನಡುವೆ ಉಸಿರು ನಿಲ್ಲುವುದುಂಟು; ಮುಖ್ಯ ಕಾರಣ ಮಿದುಳಿನ ಉಸಿರಾಟ ಕೇಂದ್ರ ಇನ್ನೂ ಬಲಿಯದಿರುವುದು. ಅದಕ್ಕೆ ಕೆಫೀನ್ ಕೊಡುತ್ತಾರೆ (ಹೌದು, ಕಾಫಿಯಲ್ಲಿರುವುದೇ). ತೂಕವೂ ಮೊದಲ ವಾರ ಶೇ 10ರಷ್ಟು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇಳಿದು, ಹುಟ್ಟಿದಾಗಿನ ಮಟ್ಟಕ್ಕೆ ಮರಳಲು ಸುಮಾರು ಎರಡು ವಾರ ಬೇಕು. ಹತ್ತನೇ ದಿನ 1,250 ಮುಟ್ಟಿಲ್ಲವೆಂದು ಕಂಗೆಡಬೇಕಿಲ್ಲ.

ಇನ್ನು ಮುಟ್ಟುವುದು. ಉಂಗುರ, ವಾಚು, ಮಣಿಕಟ್ಟಿನ ದಾರ ತೆಗೆದು ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ. ಕೈ ಬೆಚ್ಚಗಾದ ಮೇಲೆ ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಮೇಲೆ ಇಟ್ಟು ಸುಮ್ಮನೆ ಹಿಡಿದಿರಿ. ಹೆಚ್ಚಿನ ಅಪ್ಪಂದಿರು ಎಡವುವುದು ಇಲ್ಲೇ: ಪ್ರೀತಿಯಿಂದ ಬೆರಳಲ್ಲಿ ಸವರುತ್ತಾರೆ. ಇಷ್ಟು ಎಳೆಯ ನರಮಂಡಲಕ್ಕೆ ಸವರುವುದು ಕಿರಿಕಿರಿ. ಮಗು ಬೆರಳು ಅಗಲಿಸಿ ಮೈ ಸೆಟೆದುಕೊಂಡರೆ ‘ಸಾಕು’ ಎಂದರ್ಥ. ಅಲುಗದ ಕೈ ಅದಕ್ಕೆ ಹಿತ.

ಡಾಕ್ಟರ್ ಒಪ್ಪಿದ ಕೂಡಲೇ ಕಾಂಗರೂ ಆರೈಕೆ (ಮಗುವನ್ನು ಬರಿ ಎದೆಗೆ ಒರಗಿಸಿ ಹಿಡಿಯುವುದು) ಶುರುಮಾಡಿ. ಅದು ತಾಯಿಯ ಸ್ವತ್ತೇನೂ ಅಲ್ಲ, ಅಪ್ಪನ ಎದೆಯೂ ಆಗುತ್ತದೆ. ಎದೆಯ ಕೂದಲು ಅಡ್ಡಿಯಲ್ಲ. ಸ್ನಾನ ಮಾಡಿ, ಸೆಂಟು ಹಾಕದೆ, ಮುಂದೆ ಗುಂಡಿಯಿರುವ ಅಂಗಿ ತೊಟ್ಟು ಬನ್ನಿ. ಸಿಗರೇಟು ಸೇದಿ ಬರಬೇಡಿ. ಕೆಮ್ಮು, ಜ್ವರವಿದ್ದ ದಿನ ಬಿಡಿ. ಒರಗುವ ಕುರ್ಚಿಯಲ್ಲಿ ಕೂತರೆ, ಟೋಪಿ, ಕಾಲುಚೀಲ, ಡೈಪರ್ ಮಾತ್ರ ಇರುವ ಮಗುವನ್ನು ನರ್ಸ್ ಎದೆಯ ಮಧ್ಯೆ ನೆಟ್ಟಗೆ ಇಡುತ್ತಾರೆ. ತಲೆ ಒಂದು ಪಕ್ಕಕ್ಕೆ ತಿರುಗಿ, ಗದ್ದ ತುಸು ಮೇಲೆ ಇರಲಿ. ಕತ್ತು ಮುಂದಕ್ಕೆ ಬಾಗಿದರೆ ಉಸಿರಿಗೆ ಅಡ್ಡಿ. ಒಮ್ಮೆ ಕೂತರೆ ಕನಿಷ್ಠ ಒಂದು ಗಂಟೆ ಏಳಬೇಡಿ, ಎತ್ತಿ ಇಳಿಸುವುದೇ ಮಗುವಿಗೆ ಆಯಾಸ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ದಿನಕ್ಕೆ ಕನಿಷ್ಠ 8 ಗಂಟೆ. ಸಿಸೇರಿಯನ್ ಆದ ತಾಯಿಯೊಬ್ಬರಿಂದ ಇದು ಎಲ್ಲಿ ಸಾಧ್ಯ? ಸಂಜೆಯ ಪಾಳಿ ನಿಮ್ಮದೆಂದು ನರ್ಸ್‌ಗೆ ಹೇಳಿಡಿ. ಮೊಬೈಲ್ ಹೊರಗಿರಲಿ.

ಪ್ರಶ್ನೆ: ಅವಳಿ ಮಕ್ಕಳು ಎನ್‌ಐಸಿಯು ಸೇರಿ ಒಂದು ತಿಂಗಳಾಯಿತು. ಯಜಮಾನರು ಆಫೀಸಿನಲ್ಲೇ ಹೊತ್ತು ಕಳೆಯುತ್ತಾರೆ, ಸೆಕ್ಯುರಿಟಿಯವರ ಮೇಲೆ ರೇಗುತ್ತಾರೆ, ಈಚೆಗೆ ರಾತ್ರಿ ಕುಡಿತವೂ ಶುರುವಾಗಿದೆ. ಕೇಳಿದರೆ ‘ನನಗೇನಾಗಿದೆ?’ ಎನ್ನುತ್ತಾರೆ. ಅತ್ತೆ ‘ಗಂಡಸು, ಧೈರ್ಯವಾಗಿರಬೇಕು’ ಅಂತಾರೆ.
– ಓದುಗರು, ಕೆ.ಆರ್. ಪುರ

ಉತ್ತರ: ಅತ್ತೆಯವರ ಮಾತು ಒಳ್ಳೆಯ ಮನಸ್ಸಿನದೇ ಇರಬಹುದು, ಆದರೆ ಇದಕ್ಕಿಂತ ಕೆಲಸಕ್ಕೆ ಬಾರದ ಸಲಹೆ ಇನ್ನೊಂದಿಲ್ಲ. ಗಂಡಸರ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಸಿಡುಕು, ಕುಡಿತ, ಮಿತಿಮೀರಿದ ಕೆಲಸ, ಆಸ್ಪತ್ರೆಯತ್ತ ಸುಳಿಯದಿರುವುದು, ಕಾರಣವಿಲ್ಲದ ಎದೆನೋವು, ತಲೆನೋವು ಇವೂ ಅದರದ್ದೇ ಮುಖ. ಎರಡು ವಾರ ದಾಟಿಯೂ ಇಳಿಯದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಬಾಣಂತಿಯರ ಖಿನ್ನತೆ ಅಳೆಯಲು 1987ರಲ್ಲಿ ರೂಪಿಸಿದ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆಗಳನ್ನು ಅಪ್ಪಂದಿರಿಗೂ ಬಳಸುತ್ತಾರೆ. ಗಂಡಸರು ಅಳು, ಭಯವನ್ನು ಕಡಿಮೆ ಹೇಳಿಕೊಳ್ಳುವುದರಿಂದ ಅವರಲ್ಲಿ ಕಡಿಮೆ ಅಂಕ ಬಂದರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

‘ನಿಮಗೇನಾಗಿದೆ’ ಎಂದು ಕೇಳಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಎಷ್ಟು ಗಂಟೆ ನಿದ್ದೆ ಮಾಡಿದಿರಿ, ಊಟ ಯಾವಾಗ ಮಾಡಿದಿರಿ’ ಎಂದು ಕೇಳಿ; ಉತ್ತರದಲ್ಲೇ ಅರ್ಧ ವಿಷಯ ಸಿಗುತ್ತದೆ. ನೆಂಟರ ಫೋನುಗಳನ್ನು ಅವರಿಂದ ಬಿಡಿಸಿ. ಪ್ರತಿಯೊಬ್ಬರಿಗೂ ಅದೇ ವರದಿ ಒಪ್ಪಿಸುವುದು ಪ್ರತಿ ಸಲವೂ ಹೊಸದಾಗಿ ನೋಯಿಸುತ್ತದೆ. ಮೈದುನನಿಗೋ ಅಣ್ಣನಿಗೋ ಒಪ್ಪಿಸಿ, ದಿನಕ್ಕೊಂದೇ ವಾಟ್ಸ್ಆ್ಯಪ್ ಸಂದೇಶ ಸಾಕು. ವಾರದಲ್ಲಿ ಮೂರು ರಾತ್ರಿಯಾದರೂ ಆಸ್ಪತ್ರೆಯ ಕರೆ ಬೇರೆಯವರ ಫೋನಿಗೆ ಬರುವಂತೆ ನಂಬರ್ ಕೊಟ್ಟರೆ ಅವರಿಗೆ ನಿದ್ದೆ ಹತ್ತುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಎದುರು ಕೂತು ಮಾತಾಡಲು ಬಿ.ಟಿ.ಎಂ. ಲೇಔಟ್‌ನ ನಿಮ್ಹಾನ್ಸ್ ಯೋಗಕ್ಷೇಮ ಕೇಂದ್ರವಿದೆ; ಕುಡಿತ ಕೈಮೀರಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಹೋಗಿ. ‘ನಾನಿಲ್ಲದಿದ್ದರೆ ಇವರೆಲ್ಲ ಚೆನ್ನಾಗಿರುತ್ತಾರೆ’ ಎಂಬಂಥ ಮಾತು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಕೇಂದ್ರ ಸರ್ಕಾರಿ ನೌಕರ. ಮೊದಲ ಮಗು, 32 ವಾರಕ್ಕೆ ಹುಟ್ಟಿದ್ದಾಳೆ. ಪಿತೃತ್ವ ರಜೆ ಈಗಲೇ ಹಾಕಲೇ?
– ಓದುಗ, ಯಲಹಂಕ

ಉತ್ತರ: ನಿಮ್ಮ 15 ದಿನದ ರಜೆಯನ್ನು ಹೆರಿಗೆಯಾದ 6 ತಿಂಗಳೊಳಗೆ ಹಾಕಬಹುದು, ಆಮೇಲೆ ರದ್ದಾಗುತ್ತದೆ. ಈಗ ಗಳಿಕೆ ರಜೆ ಬಳಸಿ, ಇದನ್ನು ಡಿಸ್ಚಾರ್ಜ್‌ಗೆ ಇಟ್ಟುಕೊಳ್ಳಿ. ಅಲಾರಂ, ನರ್ಸ್ ಎರಡೂ ಇಲ್ಲದ ಮನೆಯ ಮೊದಲ ವಾರ ಅಪ್ಪಂದಿರು ರಾತ್ರಿಯಿಡೀ ಮಗುವಿನ ಉಸಿರು ಎಣಿಸುತ್ತ ಕೂರುವುದುಂಟು. ತಡೆದಿಟ್ಟ ಭಯ ಹೊರಬರುವುದು ಹೆಚ್ಚಾಗಿ ಆಗಲೇ. ಇಬ್ಬರೂ ಮನೆಯಲ್ಲಿದ್ದರೆ ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಿಸಬಹುದು. ಖಾಸಗಿ ನೌಕರರಿಗೆ ಇಂಥ ಕಾನೂನಿಲ್ಲ, ಕಂಪನಿಯ ನಿಯಮವೇ ಗತಿ.

ಒಂದು ದಿನ ಮಾತ್ರ ಬೇರೆ ತೆಗೆದಿಡಿ: ಹುಟ್ಟಿ 30 ದಿನದೊಳಗೆ ಮಗಳ ರೆಟಿನಾ ಪರೀಕ್ಷೆ ಆಗಲೇಬೇಕು. ಮಗು ಬೇಗ ಮನೆಗೆ ಬಂದರೆ ತಪ್ಪಿಹೋಗುವುದು ಇದೇ.