ಸಹವಾಸ ದೋಷ ಅರ್ಧ ನಿಜ

(ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರ ಪತ್ರ, ಹೆಸರು ಬೇಡ ಎಂದಿದ್ದಾರೆ: ಮೊದಲ ಪಿಯುಸಿ ಓದುವ ಮಗನ ಬ್ಯಾಗಿನಲ್ಲಿ ರೋಲಿಂಗ್ ಪೇಪರ್, ಕಣ್ಣಿನ ಡ್ರಾಪ್ಸ್ ಸಿಕ್ಕವು. ಗಾಂಜಾ ಸೇದಿದ್ದು ಒಪ್ಪಿಕೊಂಡ. ನಮ್ಮ ಹುಡುಗ ಅಂಥವನಲ್ಲ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಹಾಗಾಯಿತು. ದೂರದ ಹಾಸ್ಟೆಲಿಗೆ ಸೇರಿಸಲೇ? ಇಂಥ ಹುಡುಗರನ್ನೆಲ್ಲ ಒಟ್ಟು ಸೇರಿಸಿ ಬುದ್ಧಿ ಹೇಳುವ ಕ್ಲಾಸ್ ಮಾಡುತ್ತೇವೆ ಎಂದು ಕಾಲೇಜಿನವರು ಹೇಳುತ್ತಿದ್ದಾರೆ. ಕಳಿಸಲೇ?)

ನಮಸ್ಕಾರ ಅಮ್ಮ,

ನಿಮ್ಮ ಮಗನನ್ನು ಕೆಡಿಸಿದ ಎಂದು ನೀವು ಅಂದುಕೊಂಡಿರುವ ಗೆಳೆಯನ ತಾಯಿಯೂ ನಿಮ್ಮ ಮಗನ ಹೆಸರು ಹೇಳಿ ಇಂಥದ್ದೇ ಪತ್ರ ಬರೆಯುತ್ತಿರಬಹುದು, ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳಲ್ಲಿ ಡೆನಿಸ್ ಕ್ಯಾಂಡೆಲ್ ಎಂಬ ಸಂಶೋಧಕಿ ಜೋಡಿ ಗೆಳೆಯರನ್ನು ವರ್ಷದ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ವಿಚಾರಿಸಿದ್ದರು. 1978ರಲ್ಲಿ ಪ್ರಕಟವಾದ ಅವರ ಲೆಕ್ಕ ಹೆಚ್ಚುಕಮ್ಮಿ ಅರ್ಧರ್ಧ. ಹುಡುಗರು ತಮ್ಮಂಥವರನ್ನೇ ಹುಡುಕಿ ಜೊತೆಯಾಗುವುದು ಅರ್ಧ, ಜೊತೆಯಾದ ಮೇಲೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವುದು ಅರ್ಧ. ಅಂದರೆ ಹಾಸ್ಟೆಲಿನಲ್ಲೂ ಅವನಿಗೆ ಅಂಥದ್ದೇ ಗುಂಪು ಸಿಕ್ಕೀತು. ಅಲ್ಲಿ ಬ್ಯಾಗ್ ನೋಡಲು ನೀವಿರುವುದಿಲ್ಲ, ಅಷ್ಟೇ.

ಕಲಿಯುವುದು ಹೇಗೆ? 'ಸೇದೋ, ಹೆದರ್ತೀಯಾ?' ಎಂದು ಬಲವಂತ ಮಾಡುತ್ತಾರೆ ಎಂದು ನಾವು ಅಂದುಕೊಂಡಿದ್ದೇವೆ. ಬಹಳ ಸಲ ಅದೂ ಬೇಕಿಲ್ಲ, ಒಂದು ನಗು ಸಾಕು. ಅಮೆರಿಕದ ಒರೆಗಾನ್‌ನಲ್ಲಿ ಥಾಮಸ್ ಡಿಶಿಯನ್ ಮತ್ತು ಜೊತೆಗಾರರು 13–14 ವರ್ಷದ ಹುಡುಗರನ್ನು ಗೆಳೆಯರೊಂದಿಗೆ ಕೂರಿಸಿ, ಮಾತಾಡಲು ಬಿಟ್ಟು ವಿಡಿಯೊ ಮಾಡಿದರು. ಕೆಲವು ಜೋಡಿಗಳು ಮಾಮೂಲಿ ಮಾತಿಗೆ ಸುಮ್ನೆ ಇರುತ್ತಿದ್ದವು. ಕಾನೂನು ಮುರಿದ ಮಾತು ಬಂದರೆ ಮಾತ್ರ ನಗು. ನಗು ಬಂತೆಂದು ಅದೇ ಮಾತು ಮುಂದುವರಿಯುತ್ತಿತ್ತು. ಮುಂದೆ ನಶೆಗೂ ಪುಂಡಾಟಕ್ಕೂ ಜಾಸ್ತಿ ಇಳಿದವರು ಈ ಹುಡುಗರೇ. ಇನ್ನು ಕೆಲವು ಸಲ ನೋಡುವವರಿದ್ದರೂ ಸಾಕು. 2005ರಲ್ಲಿ ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟವಿತ್ತು. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ನುಗ್ಗುತ್ತೀಯ ಎಂಬುದೇ ಪರೀಕ್ಷೆ. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳ ಹುಚ್ಚು ಧೈರ್ಯ ಏರಿತು. 24 ದಾಟಿದವರಿಗೆ ಯಾರಿದ್ದರೂ ಒಂದೇ.

ಈಗ ಆ ಕ್ಲಾಸಿನ ವಿಷಯ. ದಯವಿಟ್ಟು ಕಳಿಸಬೇಡಿ. ಇದೇ ಡಿಶಿಯನ್ ತಂಡ ದಾರಿ ತಪ್ಪುವ ಸೂಚನೆಯಿದ್ದ ಮಕ್ಕಳನ್ನು ಗುಂಪು ಮಾಡಿ, ಒಳ್ಳೆಯ ಮನಸ್ಸಿನಿಂದಲೇ ತರಬೇತಿ ಕೊಟ್ಟಿತ್ತು. ಗುಂಪಿಗೆ ಬಂದ ಮಕ್ಕಳಲ್ಲಿ ತಂಬಾಕು ಸೇವನೆಯೂ ಪುಂಡಾಟವೂ ಹೆಚ್ಚಾದವು. 1999ರಲ್ಲಿ ಅವರೇ ಅದನ್ನು ಬರೆದು ಪ್ರಕಟಿಸಿದರು. ಪಾಠ ಮುಗಿದ ಮೇಲೆ ಹುಡುಗರು ಒಟ್ಟಿಗೇ ಹೊರಗೆ ಬರುತ್ತಾರಲ್ಲ, ನಿಜವಾದ ಕ್ಲಾಸ್ ಅಲ್ಲಿ ಶುರು! ಕಾಲೇಜಿನವರಿಗೆ ಅಷ್ಟು ಆಸಕ್ತಿ ಇದ್ದರೆ ಒಬ್ಬೊಬ್ಬ ಹುಡುಗನ ಹತ್ತಿರ ಬೇರೆಬೇರೆಯಾಗಿ ಮಾತಾಡಲಿ. ಕ್ಲಾಸ್ ಮಾಡಲೇಬೇಕೆಂದರೆ ಅಪ್ಪ ಅಮ್ಮಂದಿರಿಗೆ ಮಾಡಲಿ.

ಗೆಳೆತನ ಬಿಡಿಸಲು ಹೋಗಬೇಡಿ, ಕದ್ದುಮುಚ್ಚಿ ಮುಂದುವರಿಯುತ್ತದೆ. ಆ ಹುಡುಗನನ್ನು ಮನೆಗೇ ಕರೆಯಿರಿ. ಅವನ ತಾಯಿಗೂ ಫೋನ್ ಮಾಡಿ. ನಿಮ್ಮಿಬ್ಬರ ಮಾತು ಹೊಂದಿದರೆ ಅರ್ಧ ಸುಳ್ಳುಗಳು ಅಲ್ಲೇ ನಿಲ್ಲುತ್ತವೆ. ಕಾಲೇಜು ಬಿಟ್ಟ ಮೇಲಿಂದ ದೀಪ ಹಚ್ಚುವ ಹೊತ್ತಿನವರೆಗೆ ಇವರು ಎಲ್ಲಿರುತ್ತಾರೆ ಎಂದು ನೋಡಿ. ಹೇಳುವವರು ಕೇಳುವವರು ಇಲ್ಲದ ಆ ಹೊತ್ತಿಗೆ ಕಬಡ್ಡಿಯೋ, ತಂದೆಯ ಅಂಗಡಿ ಕೆಲಸವೋ, ಏನಾದರೂ ಬೇಕು.

ಸಿಟ್ಟು ತೀರಿಸಿಕೊಳ್ಳಲೇಬೇಕಾದರೆ ಮಾರಿದವನ ಮೇಲಿರಲಿ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, 18 ತುಂಬದವರಿಗೆ ಮಾದಕ ವಸ್ತು ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಚಟವಾಗಿದೆಯೋ ಇಲ್ಲವೋ ಎಂದು ನೀವೇ ತೀರ್ಮಾನ ಮಾಡಬೇಡಿ, ಪತ್ರ ಓದಿ ನಾನೂ ಮಾಡಲಾರೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಗ ಬರಲು ಒಪ್ಪದಿದ್ದರೂ ಪರವಾಗಿಲ್ಲ, ಮೊದಲ ಫೋನ್ ನೀವೇ ಮಾಡಿ.

— ಸಂಪಾದಕ