ಸುಯ್ ಸದ್ದು ನಿಂತಿದೆ ಅಂತ ಬೆಳಗಿನವರೆಗೆ ಕಾಯಬೇಡಿ

ನಿಮ್ಮ ಮಗನದು ಹತೋಟಿಗೆ ಬಾರದ ಅಸ್ತಮಾ ಅಟ್ಯಾಕ್ ಇದ್ದಂತಿದೆ. ಉಸಿರು ಬೇಗ ಸರಾಗ ಮಾಡುವ ನೀಲಿ ಇನ್ಹೇಲರ್ ಕೊಟ್ಟ ಎರಡೇ ಗಂಟೆಗೆ ಅವನಿಗೆ ಮತ್ತೆ ಉಬ್ಬಸ ಬಂತು, ಈಗ ಸುಯ್ ಸದ್ದು ನಿಂತಿದೆ, ಬೆಳಗಿನವರೆಗೆ ಕಾಯಬಹುದಾ ಅಂದಿರಿ. ಇನ್ಹೇಲರ್‌ನ ಗುಣ 4 ಗಂಟೆಯೂ ನಿಲ್ಲದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಸುಯ್ ಸದ್ದು ನಿಂತದ್ದು ಉಬ್ಬಸ ಕಡಿಮೆಯಾಗಿಯೋ, ಎದೆಯೊಳಗೆ ಗಾಳಿಯೇ ಆಡದೆಯೋ ಇಲ್ಲಿಂದ ಹೇಳಲಾರೆ. ಎರಡನೆಯದು ಅಪಾಯ.

ಅಂಗಿ ಬಿಚ್ಚಿ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ, ಗಂಟಲ ಕುಳಿಯಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತಿದೆಯಾ? ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲವಾ? ತುಟಿ ನೀಲಿಗಟ್ಟಿದೆಯಾ, ಮಂಪರಾ? ಒಂದಿದ್ದರೂ 108ಕ್ಕೆ ಕರೆ ಮಾಡಿ.

ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರ್‌ನಲ್ಲಿ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಅದೇ ಇನ್ಹೇಲರ್ ಒಂದೊಂದೇ ಪಫ್, ಅರ್ಧ ನಿಮಿಷ ಬಿಟ್ಟು ಬಿಟ್ಟು, 10 ಪಫ್‌ವರೆಗೆ. ಹಬೆ, ಕಷಾಯ ಈಗ ಬೇಡ. ಹೊರಡುವಾಗ ಇನ್ಹೇಲರ್, ಹಳೇ ಚೀಟಿ ಜೊತೆಗಿರಲಿ.