ಆ ಬ್ಯಾಂಕ್ ಗುಮಾಸ್ತನನ್ನು ತೆಗೆದುಬಿಡಿ

ಮೆಕ್ಸಿಕೋದ ಮಾಸ್ಕ್ ಪೈಲ್ವಾನರ ಥರದ ಹೀರೋ ಇಟ್ಟು ಎಂಟು ಪುಟದ ಕಾಮಿಕ್ಸ್ ಮಾಡುತ್ತಿದ್ದೀರಿ. ಹಗಲು ಬ್ಯಾಂಕ್ ಗುಮಾಸ್ತ, ರಾತ್ರಿ ಮಾಸ್ಕ್. ಎಲ್ಲೋ ಸಪ್ಪೆ ಅನಿಸುತ್ತಿದೆ ಎಂದಿದ್ದೀರಿ. ನನಗೆ ಕಂಡ ಹಾಗೆ ಗುಮಾಸ್ತನದೇ ತೊಂದರೆ ಸರ್.

ಹಗಲೊಂದು ವೇಷ, ರಾತ್ರಿಯೊಂದು ವೇಷ ಎಂಬುದು ಸೂಪರ್‌ಮ್ಯಾನ್ ಲೆಕ್ಕ. ಎಲ್ ಸಾಂತೋನನ್ನು ನೋಡಿ. ಬೆಳ್ಳಿ ಬಣ್ಣದ ಮಾಸ್ಕ್, 1942ರಲ್ಲಿ ಈ ಹೆಸರಲ್ಲಿ ರಿಂಗಿಗೆ ಇಳಿದ ನಿಜವಾದ ಪೈಲ್ವಾನ. ಅವನ ಸಿನಿಮಾಗಳಲ್ಲಿ ಸೂಟು ಹಾಕಿ ಕಾರು ಓಡಿಸುವಾಗಲೂ ಮಾಸ್ಕ್ ಇರುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ! 1984ರ ಜನವರಿಯಲ್ಲಿ ಟಿವಿಯಲ್ಲಿ ಮಾಸ್ಕ್ ಸ್ವಲ್ಪ ಸರಿಸಿ ಮುಖ ತೋರಿಸಿದ. ಫೆಬ್ರುವರಿ 5ಕ್ಕೆ ತೀರಿಕೊಂಡ. ಮಣ್ಣು ಮಾಡಿದ್ದೂ ಮಾಸ್ಕ್ ಸಮೇತ.

ಹಾಗಾದರೆ ಕಥೆಯಲ್ಲಿ ಭಯ ಎಲ್ಲಿಂದ ಬರಬೇಕು? ಪಣದ ಕುಸ್ತಿಯಿಂದ. ಮಾಸ್ಕಿಗೆ ಮಾಸ್ಕ್ ಒಡ್ಡಿ ಆಡುತ್ತಾರೆ. ಸೋತವನು ಎಲ್ಲರ ಮುಂದೆ ಮಾಸ್ಕ್ ಬಿಚ್ಚಿ ಹೆಸರು ಹೇಳಬೇಕು. 1952ರಲ್ಲಿ ಸಾಂತೋ ಹೀಗೇ ಬ್ಲ್ಯಾಕ್ ಶ್ಯಾಡೋ ಎಂಬ ಪೈಲ್ವಾನನ ಮಾಸ್ಕ್ ಗೆದ್ದ. ಸೋತವನ ಜೋಡಿ ಬ್ಲೂ ಡೀಮನ್ ಹಗೆ ಹಿಡಿದು ಮರುವರ್ಷ ಸಾಂತೋನ ಪಟ್ಟವನ್ನೇ ಕಿತ್ತುಕೊಂಡ. ಎಂಟು ಪುಟಕ್ಕೆ ಇಷ್ಟು ಸಾಲದಾ?

ಕೈಕಾಲು ಬರೆಯಲು ಬರುವುದಿಲ್ಲ ಎಂದು ಕೊರಗಬೇಡಿ. 1952ರಲ್ಲೇ ಹೊಸೆ ಜಿ. ಕ್ರೂಸ್ ಶುರು ಮಾಡಿದ ಸಾಂತೋ ಕಾಮಿಕ್ಸ್ ಪತ್ರಿಕೆಯಲ್ಲಿ ಫೋಟೋ ಕತ್ತರಿಸಿ, ಬರೆದ ಹಿನ್ನೆಲೆಯ ಮೇಲೆ ಅಂಟಿಸುತ್ತಿದ್ದರು. ಗೆಳೆಯನಿಗೆ ಮಾಸ್ಕ್ ಹಾಕಿಸಿ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ಒಂದು ತಮಾಷೆ ಏನೆಂದರೆ, ಪತ್ರಿಕೆಯಲ್ಲಿ ಬಡವರ ಬಂಧು ಆಗಿದ್ದ ಈ ಸಾಂತೋ ಆಗ ರಿಂಗಿನಲ್ಲಿ ಮೋಸದಾಟದ 'ರುಡೊ' ಕಡೆಯವನು.

ಮಾಸ್ಕ್ ಬೇಡ ಅನಿಸಿದರೆ ಮೆಕ್ಸಿಕೋದ ಇನ್ನೊಬ್ಬ ಕಾಮಿಕ್ಸ್ ಹೀರೋ ಕಾಲಿಮಾನ್ ಇದ್ದಾನೆ. 1963ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1965ರಿಂದ 1991ರವರೆಗೆ ವಾರ ವಾರ ಪತ್ರಿಕೆಯಾಗಿ ಬಂದ. ಬಿಳಿ ಬಟ್ಟೆ, ಪೇಟ, ಕಾಳಿ ದೇವಿಯ ವಂಶದ ಏಳನೆಯವನಂತೆ! ಯಾರನ್ನೂ ಕೊಲ್ಲುವುದಿಲ್ಲ, ನಿದ್ದೆ ಮದ್ದು ಹಚ್ಚಿದ ಮುಳ್ಳನ್ನು ಕೊಳವೆಯಿಂದ ಊದಿ ಮಲಗಿಸುತ್ತಾನೆ. ನಮ್ಮ ಕಾಳಿಯನ್ನು ಕಂಡವರಿಗೆ ನಗು ಬರುತ್ತೆ, ಅಲ್ವಾ? ಆದರೂ ನಾನು ಸಾಂತೋ ದಾರಿಯನ್ನೇ ಹಿಡಿಯುತ್ತಿದ್ದೆ.

ಮಾಸ್ಕಿನ ಹಿಂಭಾಗವನ್ನು ಮರೆಯದೆ ಬರೆಯಿರಿ. ಅಲ್ಲಿ ಶೂ ಲೇಸಿನ ಹಾಗೆ ದಾರ ಇರುತ್ತದೆ. ಎದುರಾಳಿ ಮೊದಲು ಕೈ ಹಾಕುವುದೇ ಅದಕ್ಕೆ. ನಿಮ್ಮ ಮೂರನೇ ಪುಟದಲ್ಲಿ ಅದು ಕಾಣುತ್ತಿಲ್ಲ.